ಮೇಜು ಹೆಣ್ಣು, ಪುಸ್ತಕ ಗಂಡು: ಸ್ಪ್ಯಾನಿಷ್ ಕಲಿಯುವವರ ಮೊದಲ ತಲೆನೋವು

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಊರು ಹಾವೇರಿ ಕಡೆ, ಕೆಲಸ ಬೆಂಗಳೂರಿನಲ್ಲಿ. ನಮ್ಮ ಟೀಮಿಗೆ ಮೆಕ್ಸಿಕೊದ ಗ್ರಾಹಕರು ಇರುವುದರಿಂದ ಆಫೀಸಿನವರೇ ಸ್ಪ್ಯಾನಿಷ್ ಕ್ಲಾಸಿಗೆ ಸೇರಿಸಿದ್ದಾರೆ. ಐದು ವಾರ ಆಯಿತು. ಕ್ಲಾಸ್‌ರೂಮಿನ ವಸ್ತುಗಳ ಪಾಠ ಮುಗಿದ ಮೇಲೆ 20 ಚಿತ್ರ ಕೊಟ್ಟು ಹೆಸರು ಬರೆಸಿದರು. 17 ಹೆಸರು ಸರಿ ಇದ್ದವು. ಆದರೆ ಹೆಸರಿಗೆ ಮೊದಲು ಗಂಡಿಗೆ ಬರುವ ‘ಎಲ್’, ಹೆಣ್ಣಿಗೆ ಬರುವ ‘ಲಾ’ ತಪ್ಪಾಗಿದ್ದಕ್ಕೆ ಕೈಗೆ ಬಂದದ್ದು 9 ಅಂಕ. ಮೇಜು ಯಾಕೆ ಹೆಣ್ಣು, ಪುಸ್ತಕ ಯಾಕೆ ಗಂಡು ಅಂತ ಕೇಳಿದರೆ ಟೀಚರ್ ‘ಹಾಗೇ ಬಾಯಿಪಾಠ ಮಾಡಿ’ ಅಂದರು. ಜೊತೆಯವರು ‘ಒ ಬಂದರೆ ಗಂಡು, ಆ ಬಂದರೆ ಹೆಣ್ಣು, ಅಷ್ಟೇ’ ಅಂತಾರೆ. ಆದರೆ ಮ್ಯಾಪಿಗೆ ಅದು ಸರಿಹೋಗಲಿಲ್ಲ. ಶಾಲೆಯಲ್ಲಿ ಹಿಂದಿಗೂ ಇದೇ ಗತಿ ಆಗಿತ್ತು. ಸದ್ಯಕ್ಕೆ ಎಲ್ಲಕ್ಕೂ ‘ಎಲ್’ ಹಾಕಿ ಮುಂದೆ ತಿದ್ದಿಕೊಂಡರೆ ಆಗುತ್ತಾ? ಹಿಂದಿಯ ಲಿಂಗ ಇಲ್ಲಿ ಉಪಯೋಗಕ್ಕೆ ಬರುತ್ತಾ? ಇನ್ನೊಂದು, ಪುಸ್ತಕದಲ್ಲಿ ಪೆನ್ನಿಗೆ ಒಂದು ಹೆಸರು, ಮೊಬೈಲ್ ಆಪಿನಲ್ಲಿ ಇನ್ನೊಂದು. ಯಾವುದನ್ನು ಕಲಿಯಲಿ? ಈ ವಯಸ್ಸಿನಲ್ಲಿ ನನಗೆ ಭಾಷೆ ಹತ್ತೋದಿಲ್ಲವೇನೋ ಅನ್ನಿಸಿಬಿಟ್ಟಿದೆ.

ಉತ್ತರ: ಮೊದಲು ಆ 17ರ ಮಾತು. ಐದು ವಾರದಲ್ಲಿ, ಕೆಲಸದ ನಡುವೆ, ಇಪ್ಪತ್ತರಲ್ಲಿ ಹದಿನೇಳು ಹೊಸ ಪದ ನೆನಪಿಟ್ಟವರಿಗೆ ಭಾಷೆ ಹತ್ತುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ನಿಮ್ಮ ನೆನಪಿಗೂ ವಯಸ್ಸಿಗೂ ಏನೂ ಆಗಿಲ್ಲ. ನೀವು ಎಡವಿದ್ದು ಒಂದೇ ಜಾಗದಲ್ಲಿ. ನಾನು ಕಲಿಸಿದ, ಕನ್ನಡ ಮಾತಾಡುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅಲ್ಲೇ ಎಡವಿದ್ದಾರೆ. ಅದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ.

(ಸ್ಪ್ಯಾನಿಷ್ ಪದಗಳನ್ನು ಇಲ್ಲಿ ಮೆಕ್ಸಿಕೊದ ಉಚ್ಚಾರಣೆಗೆ ಹತ್ತಿರವಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಸ್ಪ್ಯಾನಿಷ್ ಅಕ್ಷರದಲ್ಲೇ ಬರೆದುಕೊಳ್ಳಿ. ಕಾಗುಣಿತಕ್ಕೂ ಅಂಕ ಇರುತ್ತದೆ.)

ಕನ್ನಡದಲ್ಲಿ ಲಿಂಗ ಗೊತ್ತಾಗುವುದು ಅರ್ಥದಿಂದ. ಅವನು ಬಂದ, ಅವಳು ಬಂದಳು, ಅದು ಬಂತು. ಗಂಡಸು, ಹೆಂಗಸು, ಉಳಿದದ್ದೆಲ್ಲ ‘ಅದು’. ಮೇಜು, ಕುರ್ಚಿ, ಬಾಗಿಲು ಯಾವುದಾದರೂ ಸರಿ, ಯೋಚನೆಯೇ ಬೇಡ. ಮೂವತ್ತು ವರ್ಷ ಮೇಜಿನ ಲಿಂಗ ಯಾವುದು ಅಂತ ನಿಮ್ಮ ತಲೆ ಒಮ್ಮೆಯೂ ಕೇಳಿಕೊಂಡಿಲ್ಲ. ಕೇಳಿಕೊಳ್ಳುವ ಅಗತ್ಯವೇ ಬಿದ್ದಿಲ್ಲ. ಈಗ ಸ್ಪ್ಯಾನಿಷ್ ಪ್ರತಿ ವಸ್ತುವಿಗೂ ಅದನ್ನೇ ಕೇಳುತ್ತಿದೆ. ಆಗ ನೀವು ವಸ್ತುವನ್ನೇ ನೋಡಿ ಉತ್ತರ ಹುಡುಕುತ್ತೀರಿ. ಮೇಜಿನಲ್ಲಿ ಹೆಣ್ಣಿನ ಗುಣ ಏನಿದೆ? ಎಷ್ಟು ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಅದು ಮೇಜಿನಲ್ಲಿ ಇಲ್ಲವೇ ಇಲ್ಲ. ಇರುವುದು ‘ಮೇಸಾ’ ಅನ್ನುವ ಪದದಲ್ಲಿ.

ಇದು ನಮಗೆ ಪೂರ್ತಿ ಹೊಸತೇನಲ್ಲ. ‘ಮಗು ಮಲಗಿದೆ’ ಅನ್ನುತ್ತೇವೆ. ತೊಟ್ಟಿಲಲ್ಲಿ ಇರುವುದು ಗಂಡೋ ಹೆಣ್ಣೋ ಮನೆಯವರಿಗೆಲ್ಲ ಗೊತ್ತು. ಆದರೂ ‘ಮಲಗಿದ್ದಾಳೆ’ ಅಂತ ‘ಮಗು’ ಪದಕ್ಕೆ ಸೇರಿಸುವುದಿಲ್ಲ. ಮಗುವನ್ನು ಯಾರೂ ವಸ್ತು ಅಂದುಕೊಂಡಿಲ್ಲ. ಆ ಪದದ ನಡವಳಿಕೆ ಹಾಗೆ, ಅಷ್ಟೆ. ಸ್ಪ್ಯಾನಿಷಿನಲ್ಲಿ ‘ವ್ಯಕ್ತಿ’ಗೆ ‘ಲಾ ಪೆರ್ಸೋನಾ’ ಅಂತಾರೆ. ಮೀಸೆ ಹೊತ್ತ ಅಜ್ಜನ ಬಗ್ಗೆ ಹೇಳುವಾಗಲೂ ಅದು ಸ್ತ್ರೀಲಿಂಗವೇ. ನಮ್ಮ ವ್ಯಾಕರಣದ ‘ಲಿಂಗ’ ಅನ್ನುವ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಸ್ಪ್ಯಾನಿಷಿನಲ್ಲಿ ಇದಕ್ಕೆ ‘ಹೇನೆರೊ’ ಅಂತ ಹೆಸರು. ಅದು ಹುಟ್ಟಿದ್ದು ‘ಬಗೆ, ಜಾತಿ’ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಗಂಡು ಹೆಣ್ಣು ಅನ್ನುವುದನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ‘ಎಲ್ ಗುಂಪು’, ‘ಲಾ ಗುಂಪು’ ಅಂದುಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಕ್ಲಾಸಿನಲ್ಲಿ ನಾನು ಇದನ್ನು ಬಾಯಲ್ಲಿ ವಿವರಿಸುವುದು ಕಡಿಮೆ. ಯಾರದಾದರೂ ಪೆನ್ಸಿಲ್ ಡಬ್ಬಿ ತೆಗೆದುಕೊಂಡು ಮೇಜಿನ ಮೇಲೆ ಸುರಿಯುತ್ತೇನೆ. ಎಡಕ್ಕೆ ‘ಎಲ್’, ಬಲಕ್ಕೆ ‘ಲಾ’. ಪೆನ್ಸಿಲ್ ‘ಎಲ್ ಲಾಪಿಸ್’, ಎಡಕ್ಕೆ. ರಬ್ಬರ್ ‘ಲಾ ಗೋಮಾ’, ಬಲಕ್ಕೆ. ಸ್ಕೇಲು ‘ಲಾ ರೆಗ್ಲಾ’, ಅದೂ ಬಲಕ್ಕೆ. ಮೆಂಡರ್ ‘ಎಲ್ ಸಾಕಾಪುಂತಾಸ್’, ಎಡಕ್ಕೆ. ಕೊನೆಗೆ ಒಂದು ನೀಲಿ ಪೆನ್ನು ಉಳಿಯುತ್ತದೆ. ಸ್ಪೇನಿನಲ್ಲಿ ಅದು ‘ಎಲ್ ಬೊಲೀಗ್ರಫೊ’. ಎಡಕ್ಕೆ ಇಡುತ್ತೇನೆ. ‘ಈಗ ನಾವು ಮೆಕ್ಸಿಕೊಗೆ ಬಂದೆವು’ ಅಂತ ಹೇಳಿ, ಅದೇ ಪೆನ್ನನ್ನು ಎತ್ತಿ ಬಲಕ್ಕೆ ಇಡುತ್ತೇನೆ. ಅಲ್ಲಿ ಅದು ‘ಲಾ ಪ್ಲೂಮಾ’. ಪೆನ್ನು ಅದೇ, ಇಂಕು ಅದೇ, ಕಚ್ಚಿದ ಮುಚ್ಚಳವೂ ಅದೇ. ಹೆಸರು ಬದಲಾಯಿತು, ಗುಂಪು ಬದಲಾಯಿತು.

ಪೆನ್ನು ಒಂದೇ ಅಲ್ಲ. ಕಪ್ಪುಹಲಗೆ ಸ್ಪೇನಿನಲ್ಲಿ ‘ಲಾ ಪಿಸಾರ್ರಾ’, ಮೆಕ್ಸಿಕೊದಲ್ಲಿ ‘ಎಲ್ ಪಿಸಾರ್ರೋನ್’. ಕಂಪ್ಯೂಟರ್ ಸ್ಪೇನಿನಲ್ಲಿ ‘ಎಲ್ ಒರ್ದೆನಾದೋರ್’, ಮೆಕ್ಸಿಕೊದಲ್ಲಿ ‘ಲಾ ಕೊಂಪುತಾದೋರಾ’, ಕೊಲಂಬಿಯಾದಲ್ಲಿ ‘ಎಲ್ ಕೊಂಪುತಾದೋರ್’. ಸೀಮೆಸುಣ್ಣ ಸ್ಪೇನಿನಲ್ಲಿ ‘ಲಾ ತೀಸಾ’, ಮೆಕ್ಸಿಕೊದಲ್ಲಿ ‘ಎಲ್ ಹೀಸ್’. ಈ ಸೀಮೆಸುಣ್ಣದ ಕಥೆ ನನಗೆ ಬಹಳ ಇಷ್ಟ. ‘ತೀಸಾ’ ಮೆಕ್ಸಿಕೊದ ಮೂಲನಿವಾಸಿಗಳ ನಾವಾತಲ್ ಭಾಷೆಯ ಪದ. ಅದು ಹಡಗು ಹತ್ತಿ ಸ್ಪೇನಿನ ಶಾಲೆಗಳಿಗೆ ಹೋಯಿತು. ಮೆಕ್ಸಿಕೊದವರ ಬಾಯಲ್ಲಿ ಉಳಿದ ‘ಹೀಸ್’ ಲ್ಯಾಟಿನ್ ಮೂಲದ್ದು. ಎರಡೂ ಊರಿನವರು ಒಬ್ಬರದನ್ನು ಒಬ್ಬರು ಇಟ್ಟುಕೊಂಡಿದ್ದಾರೆ.

‘ಹಾಗಾದರೆ ತರ್ಕವೇ ಇಲ್ವಾ?’ ಇದೆ. ಆದರೆ ಅದು ಅರ್ಥದ ತರ್ಕ ಅಲ್ಲ, ಇತಿಹಾಸದ ತರ್ಕ. ಸ್ಪ್ಯಾನಿಷಿನ ತಾಯಿ ಲ್ಯಾಟಿನ್. ಲ್ಯಾಟಿನ್ನಿನಲ್ಲಿ ನಮ್ಮ ಹಾಗೆಯೇ ಮೂರು ಲಿಂಗ ಇದ್ದವು. ಕಾಲ ಕಳೆದ ಹಾಗೆ ನಪುಂಸಕಲಿಂಗ ಕರಗಿತು. ಅದರಲ್ಲಿದ್ದ ಪದಗಳು ಹೆಚ್ಚಾಗಿ ‘ಎಲ್’ ಗುಂಪಿಗೆ ಸೇರಿದವು. ಅವುಗಳ ಬಹುವಚನ ರೂಪಗಳು ಮಾತ್ರ ‘ಆ’ ದಿಂದ ಮುಗಿಯುತ್ತಿದ್ದವು. ಜನ ಅಂಥ ಕೆಲವನ್ನು ಸ್ತ್ರೀಲಿಂಗ ಅಂದುಕೊಂಡು ‘ಲಾ’ ಹಚ್ಚಿದರು. ನೀವು ಕಲಿತಿರುವ ಹಾಳೆ, ‘ಲಾ ಓಹಾ’, ಬಂದದ್ದು ಹೀಗೇ. ‘ಎಲೆಗಳು’ ಎಂಬ ಬಹುವಚನ ಕೊನೆಗೆ ಒಂದೇ ಎಲೆ, ಒಂದೇ ಹಾಳೆ ಆಯಿತು. ನಿಮ್ಮ ಟೀಚರ್ ‘ಬಾಯಿಪಾಠ ಮಾಡಿ’ ಅಂದದ್ದು ಪೂರ್ತಿ ತಪ್ಪಲ್ಲ. ಬಾಯಿಪಾಠ ಹೇಗೆ ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಜೊತೆಯವರು ಹೇಳಿದ ಸೂತ್ರ ಒಳ್ಳೆಯದೇ, ಬಿಡಬೇಡಿ. ‘ಒ’ ಇದ್ದರೆ ‘ಎಲ್’: ಲೀಬ್ರೊ (ಪುಸ್ತಕ), ಕ್ವಾದೆರ್ನೊ (ನೋಟ್‌ಬುಕ್ಕು), ಬೊಲೀಗ್ರಫೊ. ‘ಆ’ ಇದ್ದರೆ ‘ಲಾ’: ಮೇಸಾ, ಸೀಯಾ (ಕುರ್ಚಿ), ಬೆಂತಾನಾ (ಕಿಟಕಿ), ಮೊಚೀಲಾ (ಬ್ಯಾಗು). ಬಹುಪಾಲು ಪದಗಳಿಗೆ ಇದು ಸರಿ. ‘ಅಷ್ಟೇ’ ಅಂದದ್ದು ಮಾತ್ರ ಸರಿಯಲ್ಲ. ‘ಎಲ್ ಮಾಪಾ’ ನಿಮಗೆ ಆಗಲೇ ಕೈಕೊಟ್ಟಿದೆ. ದಿನಕ್ಕೆ ‘ಎಲ್ ದೀಯಾ’. ಕೈಗೆ ‘ಲಾ ಮಾನೊ’, ಲ್ಯಾಟಿನ್ನಿನಲ್ಲೂ ಅದು ಸ್ತ್ರೀಲಿಂಗವೇ ಇತ್ತು. ಗ್ರೀಕಿನಿಂದ ಬಂದ, ‘ಮಾ’ ದಿಂದ ಮುಗಿಯುವ ಒಂದು ಸಾಲೇ ಇದೆ: ಎಲ್ ಪ್ರೊಬ್ಲೇಮಾ (ಸಮಸ್ಯೆ), ಎಲ್ ಇದಿಯೋಮಾ (ಭಾಷೆ), ಎಲ್ ತೇಮಾ (ವಿಷಯ), ಎಲ್ ಸಿಸ್ತೇಮಾ (ವ್ಯವಸ್ಥೆ). ಸಾಫ್ಟ್‌ವೇರ್ ಕೆಲಸದಲ್ಲಿ ಇವು ದಿನಾ ಬರುತ್ತವೆ, ಬೇಗ ಕಲಿತುಬಿಡಿ.

ಒ ಅಥವಾ ಆ ಇಲ್ಲದ ಪದಗಳಿಗೂ ಸ್ವಲ್ಪ ಗುರುತು ಇದೆ. ‘ಸಿಯೋನ್’ ಎಂದು ಮುಗಿದರೆ ಲಾ: ಲಾ ಲೆಕ್ಸಿಯೋನ್ (ಪಾಠ). ‘ದಾದ್’ ಎಂದು ಮುಗಿದರೆ ಲಾ: ಲಾ ಆಕ್ತಿಬಿದಾದ್ (ಚಟುವಟಿಕೆ). ‘ಲ್’, ‘ರ್’ ಕೊನೆಗೆ ಬಂದರೆ ಹೆಚ್ಚಾಗಿ ಎಲ್: ಎಲ್ ಪಾಪೆಲ್ (ಕಾಗದ), ಎಲ್ ಬೊರ್ರಾದೋರ್ (ಡಸ್ಟರ್). ‘ಎ’ ಯಿಂದ ಮುಗಿಯುವುದನ್ನು ಊಹೆ ಮಾಡಬೇಡಿ. ತರಗತಿ ‘ಲಾ ಕ್ಲಾಸೆ’, ಡೆಸ್ಕು ‘ಎಲ್ ಪುಪೀತ್ರೆ’.

ಇನ್ನು ತರಗತಿಯ ಕೋಣೆಗೇ ಒಂದು ಹೆಸರಿದೆ, ‘ಎಲ್ ಆವ್ಲಾ’. ‘ಎಲ್’ ಇದ್ದರೂ ಇದು ಸ್ತ್ರೀಲಿಂಗ. ಗಾಬರಿ ಬೇಡ, ಇದು ನಮ್ಮ ಸಂಧಿಯ ಲೆಕ್ಕವೇ. ‘ಊರು ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಒಂದು ಸ್ವರ ಬಿದ್ದುಹೋಗುತ್ತದಲ್ಲ? ಲೋಪಸಂಧಿ. ಹಳೆಯ ಸ್ಪ್ಯಾನಿಷಿನಲ್ಲಿ ಸ್ತ್ರೀಲಿಂಗಕ್ಕೆ ‘ಎಲಾ’ ಅಂತಿತ್ತು. ಮುಂದೆ ಒತ್ತಿ ಹೇಳುವ ‘ಆ’ ಬಂದರೆ ‘ಎಲಾ’ದ ಕೊನೆಯ ಸ್ವರ ಬಿತ್ತು, ‘ಎಲ್’ ಉಳಿಯಿತು. ಬಹುವಚನದಲ್ಲಿ ಅಡ್ಡಿ ಇಲ್ಲ, ‘ಲಾಸ್ ಆವ್ಲಾಸ್’ ಅಂತಲೇ ಹೇಳುತ್ತಾರೆ. ಹೊಸ ಕೋಣೆ ಅಂದರೆ ‘ಎಲ್ ಆವ್ಲಾ ನ್ವೇಬಾ’. ವಿಶೇಷಣ ಸ್ತ್ರೀಲಿಂಗದಲ್ಲೇ ಇದೆ ನೋಡಿ.

ಹಿಂದಿ ಸಹಾಯಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ವಸ್ತುವಿಗೂ ಲಿಂಗ ಇರಬಹುದು ಅನ್ನುವ ಅಭ್ಯಾಸ ಆಗಿರುವುದರಿಂದ ಅಷ್ಟು ಲಾಭ ಇದೆ. ಒಂದೊಂದು ಪದದ ಲಿಂಗವನ್ನು ಮಾತ್ರ ಅಲ್ಲಿಂದ ಹೊತ್ತು ತರಬೇಡಿ. ಮೇಜ್, ಕುರ್ಸಿ, ಖಿಡಕಿ ಹಿಂದಿಯಲ್ಲಿ ಸ್ತ್ರೀಲಿಂಗ, ಸ್ಪ್ಯಾನಿಷಿನಲ್ಲೂ ಹಾಗೇ. ಹಾಗಂತ ನಂಬಿ ಮುಂದೆ ಹೋದರೆ ಕಿತಾಬ್ ಸ್ತ್ರೀಲಿಂಗ, ಲೀಬ್ರೊ ಪುಲ್ಲಿಂಗ. ದರ್ವಾಜಾ ಪುಲ್ಲಿಂಗ, ಪುವೆರ್ತಾ ಸ್ತ್ರೀಲಿಂಗ. ಹೊಂದಿದ್ದು ಕಾಕತಾಳೀಯ.

ನಿಮಗೆ ಹೆಚ್ಚು ನೆರವಾಗುವ ನೆಂಟಸ್ತನ ಬೇರೆ ಇದೆ. ನಿಮ್ಮ ಕಡೆ ‘ಚಾವಿ’, ‘ಪಗಾರ’ ಅಂತಾರಲ್ಲ, ಅವು ಪೋರ್ಚುಗೀಸರಿಂದ ಬಂದವು. ಅಲಮಾರು ಕೂಡ. ಪೋರ್ಚುಗೀಸ್ ಸ್ಪ್ಯಾನಿಷಿನ ಒಡಹುಟ್ಟು. ಹಾಗಾಗಿ ಅಲಮಾರು ‘ಎಲ್ ಅರ್ಮಾರಿಯೊ’, ‘ಪಗಾರ್’ ಅಂದರೆ ದುಡ್ಡು ಕೊಡುವುದು. ಚಾವಿ ಸ್ಪ್ಯಾನಿಷಿನಲ್ಲಿ ‘ಲಾ ಯಾಬೆ’, ಸ್ವಲ್ಪ ವೇಷ ಬದಲಿಸಿದೆ. ಇಂಥ ಪದ ಸಿಕ್ಕಾಗ ಭಾಷೆ ಸ್ವಲ್ಪ ಹತ್ತಿರ ಬಂದ ಹಾಗೆ ಅನ್ನಿಸುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎಲ್ಲಕ್ಕೂ ‘ಎಲ್’ ಹಾಕಿದರೆ ಆಗುತ್ತಾ?

ಮಾತಾಡುವಾಗ ಜನಕ್ಕೆ ಅರ್ಥ ಆಗುತ್ತದೆ. ‘ಎಲ್ ಮೇಸಾ’ ಅಂದರೆ ಯಾರೂ ಕುರ್ಚಿ ತಂದು ಕೊಡುವುದಿಲ್ಲ. ಯುರೋಪಿನ ಭಾಷಾ ಮಟ್ಟದ ಚೌಕಟ್ಟಿನಲ್ಲೂ ಮೊದಲ ಹಂತದವರ ವ್ಯಾಕರಣದ ಹಿಡಿತ ಸೀಮಿತವಾಗಿಯೇ ಇರುತ್ತದೆ ಅಂತ ಒಪ್ಪಿಕೊಂಡಿದ್ದಾರೆ. ಮಾತಿನ ನಡುವೆ ತಪ್ಪಿದರೆ ನಿಲ್ಲಬೇಡಿ, ಮುಂದೆ ಹೋಗಿ. ಆದರೆ ಅದನ್ನೇ ಕಲಿಯುವ ದಾರಿ ಮಾಡಿಕೊಳ್ಳಬೇಡಿ ಅಂತ ಕಳಕಳಿಯಿಂದ ಹೇಳುತ್ತೇನೆ. ಹಾಗೆ ಕಲಿತು ಎರಡು ವರ್ಷದ ಮೇಲೆ ತಿದ್ದಿಕೊಳ್ಳಲು ಬಂದವರನ್ನು ನೋಡಿದ್ದೇನೆ. ಪದಸಂಪತ್ತು ಚೆನ್ನಾಗಿರುತ್ತದೆ. ಆದರೆ ಸಾವಿರ ಪದವನ್ನು ಮತ್ತೆ ಒಂದೊಂದಾಗಿ ಬಿಚ್ಚಿ ಹೊಲಿಯಬೇಕು. ಆ ಬೇಸರಕ್ಕೆ ಬಿಟ್ಟವರೂ ಇದ್ದಾರೆ.

ಇನ್ನೊಂದು ಅಪಾಯ ಬರೀ ‘ಎಲ್’ ಹತ್ತಿರ ನಿಲ್ಲುವುದಿಲ್ಲ. ಕನ್ನಡದಲ್ಲಿ ಬಿಳಿ ಮೇಜು, ಬಿಳಿ ಪುಸ್ತಕ. ‘ಬಿಳಿ’ ಬದಲಾಗುವುದಿಲ್ಲ. ಸ್ಪ್ಯಾನಿಷಿನಲ್ಲಿ ‘ಲಾ ಮೇಸಾ ಬ್ಲಾಂಕಾ’, ‘ಎಲ್ ಲೀಬ್ರೊ ಬ್ಲಾಂಕೊ’. ಆ ಮೇಜು ಮುರಿದಿದೆ ಅನ್ನಲು ‘ಲಾ ಮೇಸಾ ಬ್ಲಾಂಕಾ ಎಸ್ತಾ ರೋತಾ’. ಒಂದು ‘ಎಲ್’ ತಪ್ಪಿದರೆ ಅದರ ಬೆನ್ನಿಗೆ ಬರುವ ಎರಡೂ ತಪ್ಪುತ್ತವೆ. ನಮಗೆ ಈ ಹೊಂದಾಣಿಕೆ ಗೊತ್ತಿಲ್ಲದ್ದಲ್ಲ. ‘ಅವಳು ಬಂದ’ ಅಂದರೆ ಕಿವಿಗೆ ಚುಚ್ಚುತ್ತದೆ, ಅಲ್ವಾ? ನಾವು ಲಿಂಗವನ್ನು ಕ್ರಿಯಾಪದದಲ್ಲಿ ತೋರಿಸುತ್ತೇವೆ. ಅವರು ಕ್ರಿಯಾಪದವನ್ನು ಬಿಟ್ಟು ನಾಮಪದದ ಅಕ್ಕಪಕ್ಕದಲ್ಲಿ ತೋರಿಸುತ್ತಾರೆ. ‘ಬಂದ’, ‘ಬಂದಳು’ ಎರಡಕ್ಕೂ ಅವರಲ್ಲಿ ಒಂದೇ ರೂಪ. ಒಂದು ಕಡೆ ಹೊರೆ ಜಾಸ್ತಿ ಆದರೆ ಇನ್ನೊಂದು ಕಡೆ ಇಳಿದಿದೆ.

ನಿಮ್ಮ ಕೆಲಸಕ್ಕೆ ಇದು ಯಾಕೆ ಬೇಕು ಅಂತ ಒಂದು ಉದಾಹರಣೆ ಕೊಡುತ್ತೇನೆ. ಗ್ರಾಹಕರಿಗೆ ನೀವು ಎರಡು ಕಡತ ಕಳಿಸಿದ್ದೀರಿ. ಒಂದು ಕರಾರು, ‘ಎಲ್ ಕೊಂತ್ರಾತೊ’. ಇನ್ನೊಂದು ಬಿಲ್ಲು, ‘ಲಾ ಫಾಕ್ತೂರಾ’. ಅವರು ಫೋನಿನಲ್ಲಿ ‘ಲಾ ರೆಬಿಸಾಸ್ತೆ?’ ಅಂತ ಕೇಳುತ್ತಾರೆ. ‘ಅದನ್ನು ಪರಿಶೀಲಿಸಿದೆಯಾ?’ ಯಾವುದನ್ನು? ‘ಲಾ’ ಅಂದಮೇಲೆ ಬಿಲ್ಲನ್ನೇ. ಕರಾರು ಆಗಿದ್ದರೆ ‘ಲೊ ರೆಬಿಸಾಸ್ತೆ?’ ಅನ್ನುತ್ತಿದ್ದರು. ಹೆಸರು ಹೇಳದೆ ‘ಬಂದಳು’ ಅಂದರೆ ನಮಗೆ ಯಾರು ಅಂತ ಗೊತ್ತಾಗುವುದಿಲ್ವಾ, ಹಾಗೆ. ಎಲ್ಲಕ್ಕೂ ‘ಎಲ್’ ಅಂತ ಕಲಿತವರ ಕಿವಿಗೆ ಈ ಸೂಚನೆ ಬೀಳುವುದೇ ಇಲ್ಲ.

ಇನ್ನು ಕಲಿಯುವ ದಾರಿಗಳು. ಬಣ್ಣ ಹಚ್ಚಿ ಬರೆಯುವವರು ಇದ್ದಾರೆ, ನೀಲಿಯಲ್ಲಿ ‘ಎಲ್’, ಕೆಂಪಿನಲ್ಲಿ ‘ಲಾ’. ಪರೀಕ್ಷೆಗೆ ಒಳ್ಳೆಯದು. ಆದರೆ ಕಣ್ಣಿಗೆ ಗೊತ್ತಿರುತ್ತದೆ, ಬಾಯಿಗೆ ಬರುವುದಿಲ್ಲ. ಮನೆಯ ವಸ್ತುಗಳಿಗೆಲ್ಲ ಚೀಟಿ ಅಂಟಿಸುವುದು ಇನ್ನೊಂದು. ಮೊದಲ ವಾರ ಓದುತ್ತೀರಿ. ಆಮೇಲೆ ಆ ಚೀಟಿ ಗೋಡೆಯ ಕಲೆಯ ಹಾಗೆ, ಕಣ್ಣಿಗೆ ಬೀಳುವುದೇ ಇಲ್ಲ.

ನಾನು ಹೇಳುವುದು ಸರಳ. ‘ಮೇಸಾ’ ಅಂತ ಒಂಟಿ ಪದವನ್ನು ಎಂದೂ ಕಲಿಯಬೇಡಿ. ಅಂಥ ಪದ ಇಲ್ಲ ಅಂದುಕೊಳ್ಳಿ. ಇರುವುದು ‘ಲಾಮೇಸಾ’, ಒಂದೇ ಉಸಿರಿನಲ್ಲಿ. ಸ್ಪ್ಯಾನಿಷ್ ಮನೆಗಳ ಮಕ್ಕಳು ಮೇಜಿನ ಹೆಸರನ್ನು ಹೆಚ್ಚಾಗಿ ಕೇಳುವುದೇ ‘ಲಾ’, ‘ಉನಾ’ (ಒಂದು) ಜೊತೆಗೆ. ಅದಕ್ಕೇ ಮೂರು ವರ್ಷಕ್ಕೆಲ್ಲ ಅವರ ಬಾಯಲ್ಲಿ ಸರಿ ಕೂತಿರುತ್ತದೆ. ಅದರ ಬೆನ್ನಿಗೆ ಒಂದು ಬಣ್ಣ ಕಟ್ಟಿ: ‘ಲಾ ಮೊಚೀಲಾ ರೋಹಾ’, ಕೆಂಪು ಬ್ಯಾಗು, ‘ಎಲ್ ಕ್ವಾದೆರ್ನೊ ರೋಹೊ’, ಕೆಂಪು ನೋಟ್‌ಬುಕ್ಕು. ಕೆಂಪು, ಬಿಳಿ, ಕಪ್ಪು ಇವನ್ನೇ ಆರಿಸಿ. ಹಸಿರು ‘ಬೆರ್ದೆ’, ನೀಲಿ ‘ಆಸೂಲ್’ ಎರಡು ಗುಂಪಿಗೂ ಒಂದೇ ರೂಪ, ಅಭ್ಯಾಸಕ್ಕೆ ಅವು ಬೇಡ. ದಿನಕ್ಕೆ ಐದು ಪದ ಸಾಕು. ವಸ್ತುವನ್ನು ಕೈಯಲ್ಲಿ ಹಿಡಿದು, ಗಟ್ಟಿಯಾಗಿ ಹೇಳಿ. ಸುಮ್ನೆ ಮನಸ್ಸಿನಲ್ಲಿ ಅಂದುಕೊಂಡರೆ ನಾಲಿಗೆಗೆ ತರಬೇತಿ ಆಗುವುದಿಲ್ಲ. ಈ ದಾರಿಯ ಕಷ್ಟ ಒಂದೇ, ಮೊದಲ ತಿಂಗಳು ನಿಧಾನ. ಜೊತೆಯವರು ನೂರು ಪದ ಕಲಿತಾಗ ನಿಮ್ಮದು ಅರವತ್ತು ಆಗಿರಬಹುದು.

ಗಟ್ಟಿಯಾಗಿ ಹೇಳಿ ಅಂದದ್ದಕ್ಕೆ ಇನ್ನೊಂದು ಕಾರಣ ಇದೆ. ನಾವು ಹೊರಗಿನ ಪದಕ್ಕೆ ‘ಉ’ ಹಚ್ಚುತ್ತೇವೆ. ಬಸ್ಸು, ಕಾರು, ಪೆನ್ನು. ಅದೇ ರೂಢಿಯಲ್ಲಿ ‘ಲೀಬ್ರೊ’ ನಮ್ಮ ಬಾಯಲ್ಲಿ ‘ಲೀಬ್ರು’ ಆಗುತ್ತದೆ, ‘ಪಾಪೆಲ್’ ‘ಪಾಪೆಲು’ ಆಗುತ್ತದೆ. ಸ್ಪ್ಯಾನಿಷಿನಲ್ಲಿ ಲಿಂಗದ ಗುರುತು ಹೆಚ್ಚಾಗಿ ಕೂತಿರುವುದೇ ಆ ಕೊನೆಯ ಸ್ವರದಲ್ಲಿ. ಅದನ್ನು ನುಂಗಿದರೆ ನಿಮ್ಮ ಕಿವಿಗೇ ಗುರುತು ಸಿಗದೆ ಹೋಗುತ್ತದೆ. ಬಾಯಿ ದುಂಡಗೆ ಮಾಡಿ ‘ಒ’, ಪೂರ್ತಿ ತೆರೆದು ‘ಆ’. ತ, ದ ಎರಡನ್ನೂ ನಮ್ಮಂತೆಯೇ ಹಲ್ಲಿಗೆ ತಾಗಿಸಿ ಹೇಳುತ್ತಾರೆ. ಅಲ್ಲಿ ನಿಮಗೆ ಏನೂ ಕಷ್ಟವಿಲ್ಲ.

ಪೆನ್ನಿಗೆ ಯಾವ ಹೆಸರು ಅನ್ನುವುದು ಉಳಿಯಿತು. ನಿಮ್ಮ ಪುಸ್ತಕ ಸ್ಪೇನಿನದು, ಆಪ್ ಲ್ಯಾಟಿನ್ ಅಮೆರಿಕದ ಪದ ಕೊಡುತ್ತಿದೆ ಅನ್ನಿಸುತ್ತದೆ. ಎರಡೂ ಸರಿ. ಕ್ಲಾಸಿನ ಪರೀಕ್ಷೆಗೆ ಪುಸ್ತಕದಲ್ಲಿ ಇರುವುದನ್ನೇ ಬರೆಯಿರಿ. ಆದರೆ ನೀವು ದಿನಾ ಮಾತಾಡಬೇಕಾದದ್ದು ಮೆಕ್ಸಿಕೊದವರ ಜೊತೆ. ಹಾಗಾಗಿ ನಾಲಿಗೆಯ ಮೇಲೆ ‘ಲಾ ಪ್ಲೂಮಾ’, ‘ಎಲ್ ಪಿಸಾರ್ರೋನ್’, ‘ಲಾ ಕೊಂಪುತಾದೋರಾ’ ಇರಲಿ. ಸ್ಪೇನಿನ ಹೆಸರನ್ನು ಕೇಳಿದರೆ ಗುರುತಿಸಿದರೆ ಸಾಕು. ನೋಟ್‌ಬುಕ್ಕಿನಲ್ಲಿ ಒಂದೇ ಸಾಲಿನಲ್ಲಿ ಎರಡನ್ನೂ, ಎರಡಕ್ಕೂ ಅದರದರ ‘ಎಲ್’ ಅಥವಾ ‘ಲಾ’ ಸೇರಿಸಿ ಬರೆದಿಡಿ. ನಾಳೆ ಬೆಳಿಗ್ಗೆ ಆಫೀಸಿನಲ್ಲಿ ಕಂಪ್ಯೂಟರ್ ತೆರೆಯುವಾಗ ಅದನ್ನೇ ಮೊದಲು ಹೇಳಿ: ಲಾ ಕೊಂಪುತಾದೋರಾ ನೇಗ್ರಾ. ನಿಮ್ಮದು ಕಪ್ಪಗಿದ್ದರೆ.